ಝಳ ಕಾಣುವ ಹಾವು: ಡಬ್ಬಿಯಲ್ಲಿ ಗುಳಿ ಮಾಡಿ ನೋಡಿದ ನನ್ನ ಅನುಭವ

ನಾನು ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ ಮಾಡುತ್ತೇನೆ. ಸೀಸನ್ ಶುರುವಾದರೆ ಥರ್ಮಲ್ ಕ್ಯಾಮೆರಾ ಹಿಡಿದು ಪ್ಯಾನೆಲ್‌ಗಳ ಮುಂದೆ ನಿಲ್ಲುವುದೇ ದಿನದ ಅರ್ಧ ಕೆಲಸ. ಕರೆಂಟ್ ಹರಿಯುವ ಲೋಹದ ಪಟ್ಟಿ ಬಸ್‌ಬಾರ್‌ನ ಒಂದು ಬೋಲ್ಟ್ ಸಡಿಲಾಗಿದ್ದರೆ ಆ ಜಾಗ ಕಾಯುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಕ್ಯಾಮೆರಾದಲ್ಲಿ ಮಾತ್ರ ಬೆಳ್ಳಗೆ ಉರಿಯುತ್ತದೆ. ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇದೇ ಕೆಲಸ ಮಾಡುವ ಅಂಗ ಹಾವಿನ ಮುಖದಲ್ಲೂ ಇದೆ ಅನ್ನುವುದು ನನಗೆ ತಟ್ಟಿದ್ದು ಹೋದ ಮಳೆಗಾಲದಲ್ಲಿ, ಕಣಕುಂಬಿ ಹತ್ತಿರ.

ಮಲಪ್ರಭೆ ಹುಟ್ಟುವ ಊರು ಅದು. ಖಾನಾಪುರ ದಾಟಿ, ಜಾಂಬೋಟಿ ದಾಟಿ ಹೋದರೆ ನಮ್ಮ ಕಡೆಯ ಬಯಲುಸೀಮೆ ಮುಗಿದು ಬೇರೆಯೇ ಲೋಕ ಶುರುವಾಗುತ್ತದೆ. ಆಫ್ ಸೀಸನ್ ಆದ್ದರಿಂದ ಕ್ಯಾಮೆರಾ ಖಾಲಿ ಇತ್ತು. ಸಾಹೇಬರನ್ನು ಕೇಳಿ ಎರಡು ದಿನಕ್ಕೆ ತಂದಿದ್ದೆ. ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗಿದ್ದರು. ರಸ್ತೆ ಬದಿಯ ಪೊದೆಯೊಂದರ ಹತ್ತಿರ ಅವರು ಬ್ಯಾಟರಿ ಬೆಳಕು ಬಿಟ್ಟು ಕೈ ಅಡ್ಡ ಹಿಡಿದರು.

"ಅಲ್ಲೇ ನಿಂದರ್ರಿ ಸರ್, ಮುಂದ ಬರಬ್ಯಾಡ್ರಿ."

ಮಲಬಾರ್ ಗುಳಿ ಮಂಡಲ. ಹಸಿರು ಮೈ ಮೇಲೆ ಕಂದು ಮಚ್ಚೆ, ಒದ್ದೆ ಕೊಂಬೆಗೆ ಸುತ್ತಿಕೊಂಡು ಅಲ್ಲಾಡದೆ ಕೂತಿತ್ತು. ಎರಡು ಮೀಟರ್ ದೂರದಿಂದ ನಾನು ಕ್ಯಾಮೆರಾ ಎತ್ತಿದೆ. ಪರದೆಯಲ್ಲಿ ಹಾವೇ ಇಲ್ಲ! ಕೊಂಬೆ, ಎಲೆ, ಹಾವು ಎಲ್ಲಾ ಒಂದೇ ಬೂದು ಬಣ್ಣ. ಕೊಂಬೆಯೂ ಸುಮಾರು 21 ಡಿಗ್ರಿ, ಹಾವೂ ಅಷ್ಟೇ. ಅದರದ್ದು ತಣ್ಣನೆ ರಕ್ತ, ಸುತ್ತಲಿನ ಬಿಸಿ ಎಷ್ಟೋ ಮೈಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತಿರುಗಿಸಿದೆ. ವಾಚರ್ ಅಣ್ಣನ ಮುಖ ಸುಣ್ಣದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ನಾವಿಬ್ಬರೂ ಆ ಹಾವಿಗೆ ಕತ್ತಲಲ್ಲಿ ಹಚ್ಚಿಟ್ಟ ದೀಪದ ಹಾಗೆ ಕಾಣುತ್ತಿರಬೇಕು. ಅದು ಮಾತ್ರ ನನ್ನ ಲಕ್ಷಾಂತರ ರೂಪಾಯಿ ಕ್ಯಾಮೆರಾಗೆ ಕಾಣುತ್ತಿರಲಿಲ್ಲ. ಮೈ ಜುಮ್ ಅಂತು.

ಮನೆಗೆ ಬಂದು ಫೋಟೋ ತೋರಿಸಿದಾಗ ಒಂಬತ್ತನೇ ಕ್ಲಾಸಿನ ಮಗಳು ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಇರುವ, ಝಳ ಹಿಡಿಯುವ ಗುಳಿಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. "ಅಪ್ಪಾ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡೋಣ" ಅಂದಳು. ಅಲ್ಲಿಂದ ಎರಡು ತಿಂಗಳು ನಮ್ಮ ಮನೆಯ ಹಿಂದಿನ ಕೋಣೆ ಹಾವಿನ ತಲೆಯಾಯಿತು.

ಮೊದಲಿಗೆ ಅವಳಿಗೆ ಝಳ ಅಂದರೆ ಏನು ಅಂತ ಹೇಳಬೇಕಿತ್ತು. ಅದಕ್ಕೆ ಅಡುಗೆಮನೆಯೇ ಸಾಕಾಯಿತು. ನಮ್ಮವ್ವ ರೊಟ್ಟಿ ಬಡಿಯುವ ಮುಂಚೆ ಕಾದ ಹಂಚಿನ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿಯುತ್ತಾಳೆ. ಮುಟ್ಟುವುದಿಲ್ಲ. ಆದರೂ ಹದ ಗೊತ್ತಾಗುತ್ತದೆ. ಒಲೆಯ ಪಕ್ಕದಲ್ಲಿ ಕೂತರೂ ಅಷ್ಟೇ, ಕೆನ್ನೆಗೆ ಝಳ ಬಡಿಯುತ್ತದೆ, ಅಲ್ವಾ? ಅದು ಬೆಳಕಿನದೇ ಜಾತಿ, ನಮ್ಮ ಕಣ್ಣಿಗೆ ಕಾಣದ ಬೆಳಕು. ನಮ್ಮ ಮೈಯಿಂದ ಹೊರಡುವ ಝಳದ ಅಲೆಯ ಉದ್ದ ಹತ್ತು ಮೈಕ್ರೋಮೀಟರ್ ಆಸುಪಾಸು. ಕಣ್ಣಿಗೆ ಕಾಣುವ ಬೆಳಕು ಒಂದು ಮೈಕ್ರೋಮೀಟರ್ ಕೂಡ ಇರುವುದಿಲ್ಲ.

ಕೆನ್ನೆಗೆ ಬಡಿದ ಝಳದ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರದ ಹೆಸರು ಟ್ರೈಜೆಮಿನಲ್. ಹಲ್ಲುನೋವಿನ ಸುದ್ದಿ ಒಯ್ಯುವುದೂ ಅದೇ ನರ. ಗುಳಿ ಮಂಡಲದ ಗುಳಿಯಿಂದ ಹೊರಡುವುದೂ ಅದೇ. ಹಾವಿಗೆಂದು ಹೊಸ ನರವೇನೂ ಹುಟ್ಟಿಲ್ಲ. ನಮ್ಮ ಕೆನ್ನೆಯ ನರವನ್ನೇ ಅದು ಕಣ್ಣಿನಷ್ಟು ಚುರುಕು ಮಾಡಿಕೊಂಡಿದೆ. ಇದನ್ನು ಓದಿದ ದಿನ ನಾನು ಅವ್ವನ ಪಕ್ಕದಲ್ಲಿ ಕೂತು ಬಹಳ ಹೊತ್ತು ಒಲೆ ನೋಡಿದೆ.

ಈಗ ಡಬ್ಬಿಯ ಕಥೆಗೆ ಬರುತ್ತೇನೆ. ರಟ್ಟಿನಲ್ಲಿ ಹಾವಿನ ತಲೆ ಮಾಡಿದೆವು. ಎಡಕ್ಕೊಂದು ಬಲಕ್ಕೊಂದು ಪ್ಲಾಸ್ಟಿಕ್ ಡಬ್ಬಿ ಕೂರಿಸಿ, ಒಳಗೆ ಬಿಸಿ ಅಳೆಯುವ ಪುಟ್ಟ ಮಣಿಯಂಥ ಥರ್ಮಿಸ್ಟರ್ ಒಂದೊಂದು ಇಟ್ಟೆವು. ನಮ್ಮ ವರ್ಕ್‌ಶಾಪ್‌ನಲ್ಲಿ ಮೋಟರ್ ವೈಂಡಿಂಗ್ ಬಿಸಿ ನೋಡಲು ಬಳಸುವಂಥದ್ದೇ. ಕೈ ಮುಂದೆ ಹಿಡಿದರೆ ರೀಡಿಂಗ್ ಏರಲು ಇಪ್ಪತ್ತು ಸೆಕೆಂಡ್ ಬೇಕಾಯಿತು. ಕೈ ತೆಗೆದ ಮೇಲೂ ಇಳಿಯಲು ಅರ್ಧ ನಿಮಿಷ. ಅಷ್ಟರಲ್ಲಿ ಇಲಿ ತನ್ನ ಬಿಲ ಸೇರಿ ಆರಾಮಾಗಿರುತ್ತದೆ.

ಆ ಸೋಲು ನಮಗೆ ಗುಳಿಯ ಒಳಗಿನ ಕಟ್ಟಡ ತಿಳಿಸಿಕೊಟ್ಟಿತು. ಥರ್ಮಿಸ್ಟರ್‌ನ ಮಣಿ ದಪ್ಪ. ಅದನ್ನು ಕಾಯಿಸಲು ತುಂಬಾ ಝಳ ಬೇಕು, ಕಾದ ಮೇಲೆ ಬಿಸಿ ಬಿಟ್ಟುಕೊಡುವುದೂ ಇಲ್ಲ. ಹಾವಿನ ಗುಳಿಯಲ್ಲಿ ಇರುವುದು ಮಣಿಯಲ್ಲ, ಒಂದು ಪೊರೆ. ದಪ್ಪ ಸುಮಾರು 15 ಮೈಕ್ರೋಮೀಟರ್, ತಲೆಕೂದಲಿಗಿಂತ ನಾಲ್ಕೈದು ಪಟ್ಟು ತೆಳು. ಆ ಪೊರೆ ಗುಳಿಯ ತಳಕ್ಕೆ ಅಂಟಿಕೊಂಡಿಲ್ಲ. ಹಲಗೆಗೆ ಬಿಗಿದ ಚರ್ಮದ ಹಾಗೆ ಗುಳಿಯ ನಡುವೆ ತೂಗುತ್ತದೆ, ಮುಂದೆಯೂ ಗಾಳಿ, ಹಿಂದೆಯೂ ಗಾಳಿ. ಹಾಗಾಗಿ ಬಂದ ಝಳ ಹಿಂದಿನ ಮಾಂಸಕ್ಕೆ ಸೋರಿ ಹೋಗುವುದಿಲ್ಲ, ಎಲ್ಲಾ ಪೊರೆಯನ್ನೇ ಕಾಯಿಸುತ್ತದೆ. ಪೊರೆಯ ತುಂಬಾ ನರದ ತುದಿಗಳು. ಅವುಗಳ ಹಿಂದೆಯೇ ಸಣ್ಣ ಸಣ್ಣ ರಕ್ತನಾಳಗಳ ದಟ್ಟ ಬಲೆ. ಈ ರಕ್ತ ಪೊರೆಯ ಬಿಸಿಯನ್ನು ತಕ್ಷಣ ಹೊತ್ತು ಸಾಗಿಸುತ್ತದೆ. ಇಲ್ಲದಿದ್ದರೆ ಓಡಿಹೋದ ಇಲಿಯ ಗುರುತು ಅಲ್ಲೇ ಉಳಿದುಬಿಡುತ್ತಿತ್ತು, ನಮ್ಮ ಥರ್ಮಿಸ್ಟರ್‌ನಲ್ಲಿ ಉಳಿದ ಹಾಗೆ. ನಾನು ಟ್ರಾನ್ಸ್‌ಫಾರ್ಮರ್‌ಗಳ ಕೂಲಿಂಗ್ ನೋಡಿಕೊಂಡವನು. ಇಷ್ಟು ಅಚ್ಚುಕಟ್ಟಾದ ಕೂಲಿಂಗ್ ಎಲ್ಲೂ ನೋಡಿಲ್ಲ.

ಆ ಪೊರೆಯ ನರಗಳು ಸುಮ್ಮನಿರುವಾಗಲೂ ಒಂದು ಲಯದಲ್ಲಿ ಮಿಡಿಯುತ್ತಿರುತ್ತವೆ. ಬಿಸಿಯಾದದ್ದು ಎದುರಿಗೆ ಬಂದರೆ ಮಿಡಿತ ಜೋರಾಗುತ್ತದೆ, ತಣ್ಣಗಿನದು ಬಂದರೆ ಇಳಿಯುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಬುಲಕ್ ಅನ್ನುವ ವಿಜ್ಞಾನಿ ಮತ್ತು ಅವರ ಸಂಗಡಿಗರು ಈ ನರಕ್ಕೆ ತಂತಿ ಹಚ್ಚಿ ಅಳೆದರು. ಪೊರೆ ಒಂದು ಡಿಗ್ರಿಯ ಸಾವಿರದಲ್ಲಿ ಮೂರು ಪಾಲಿನಷ್ಟು ಕಾದರೂ ನರ ಉತ್ತರ ಕೊಡುತ್ತಿತ್ತು. ಅದಕ್ಕೂ ಮುಂಚೆ, 1937ರಲ್ಲಿ, ನೋಬಲ್ ಮತ್ತು ಶ್ಮಿಟ್ ಅನ್ನುವವರು ರ‍್ಯಾಟಲ್ ಹಾವುಗಳ ಕಣ್ಣು ಕಟ್ಟಿ, ಬಟ್ಟೆ ಸುತ್ತಿದ ಬಿಸಿ ಬಲ್ಬ್ ಮುಂದೆ ಹಿಡಿದು ನೋಡಿದ್ದರು. ಕಣ್ಣು ಕಟ್ಟಿದ್ದರೂ ಹಾವು ಬಲ್ಬಿಗೆ ಗುರಿ ಇಟ್ಟು ಹೊಡೆಯುತ್ತಿತ್ತು. ರ‍್ಯಾಟಲ್ ಹಾವು ನಮ್ಮ ದೇಶದ್ದಲ್ಲ. ಆದರೆ ಅದೂ ಗುಳಿ ಮಂಡಲಗಳ ಕುಟುಂಬದ್ದೇ, ಕಣಕುಂಬಿಯ ಹಾವಿಗೆ ದೂರದ ದಾಯಾದಿ.

ಥರ್ಮಿಸ್ಟರ್ ಕೈಬಿಟ್ಟು ಮುಟ್ಟದೇ ಬಿಸಿ ಅಳೆಯುವ ಎಂಎಲ್ಎಕ್ಸ್ 90614 ಅನ್ನುವ ಸೆನ್ಸರ್ ಎರಡು ತರಿಸಿದೆವು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಗನ್ ಒಳಗೆ ಇರುತ್ತದಲ್ಲ, ಅದೇ ಬಗೆಯದು. ಅದರ ಒಳಗೂ ಒಂದು ತೆಳು ಪೊರೆಯೇ! ಮಗಳು ಅವನ್ನು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದಳು. ಯಾವ ಕಡೆ ಬಿಸಿ ಹೆಚ್ಚೋ ಆ ಕಡೆಗೆ ಅದು ಸಣ್ಣ ಮೋಟರ್‌ನಿಂದ ತಲೆ ತಿರುಗಿಸುತ್ತದೆ. ಇದನ್ನು ಮಾಡುವವರಿಗೆ ಒಂದು ಮಾತು: ಎರಡೂ ಸೆನ್ಸರ್ ಒಂದೇ ವಿಳಾಸದೊಂದಿಗೆ, ಅಂದರೆ ಬೋರ್ಡ್ ಗುರುತಿಸುವ ಒಂದೇ ಸಂಖ್ಯೆಯೊಂದಿಗೆ, ಬರುತ್ತವೆ. ಮೊದಲು ಒಂದನ್ನೇ ಜೋಡಿಸಿ ಅದರ ವಿಳಾಸ ಬದಲಿಸಿಕೊಳ್ಳಿ. ಇಲ್ಲವಾದರೆ ಬೋರ್ಡಿಗೆ ಎಡ ಯಾವುದು ಬಲ ಯಾವುದು ತಿಳಿಯುವುದೇ ಇಲ್ಲ. ನಮಗೆ ಇದು ತಿಳಿಯುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಧೂಳು ಬೀಳದಿರಲಿ ಅಂತ ಡಬ್ಬಿಗಳ ಬಾಯಿಗೆ ಗಾಜಿನ ಬಿಲ್ಲೆ ಅಂಟಿಸಿದೆ. ಎರಡೂ ಕಡೆ ರೀಡಿಂಗ್ ಕದಲಲೇ ಇಲ್ಲ. ಗಾಜು ನಮ್ಮ ಕಣ್ಣಿಗೆ ತಿಳಿ, ಝಳಕ್ಕೆ ಗೋಡೆ. ಕಣಕುಂಬಿಯಲ್ಲೂ ಜೀಪಿನ ಕಿಟಕಿ ಏರಿಸಿಕೊಂಡು ಕ್ಯಾಮೆರಾ ಹಿಡಿದಾಗ ಗಾಜಿನಲ್ಲಿ ನನ್ನ ಮುಖವೇ ಕಂಡಿತ್ತು, ಹೊರಗಿನದು ಏನೂ ಇಲ್ಲ. ಗಾಜು ಕಿತ್ತು ತೆಳುವಾದ ಕಪ್ಪು ಪಾಲಿಥಿನ್ ಚೀಲದ ತುಂಡು ಕಟ್ಟಿದೆವು. ಆಚೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ಝಳ ಸರಾಗವಾಗಿ ದಾಟುತ್ತದೆ! ಪ್ರದರ್ಶನದ ದಿನ ಮಕ್ಕಳು ಜಾಸ್ತಿ ಬೆರಗಾದದ್ದು ಇದಕ್ಕೇ. ಚೀಲದ ಹಿಂದೆ ಬಚ್ಚಿಟ್ಟ ಕೈಯನ್ನು ಹಾವು ಕಂಡುಹಿಡಿಯಿತು, ಗಾಜಿನ ಹಿಂದೆ ಎಲ್ಲರಿಗೂ ಕಾಣುವ ಕೈಯನ್ನು ಹಿಡಿಯಲಿಲ್ಲ.

ಡಬ್ಬಿಯ ಬಾಯಿ ಎಷ್ಟು ಅಗಲ ಇರಬೇಕು ಅನ್ನುವುದಕ್ಕೂ ಜಗಳವಾಯಿತು. ಮಗಳು ಸಣ್ಣ ತೂತು ಕೊರೆದಿದ್ದಳು. ದಿಕ್ಕು ಕರಾರುವಾಕ್ಕಾಗಿ ಸಿಗುತ್ತಿತ್ತು, ಆದರೆ ಒಳಗೆ ಬರುವ ಝಳವೇ ಕಡಿಮೆ. ಬಾಯಿ ಅಗಲ ಮಾಡಿದರೆ ಝಳ ಸಾಕಷ್ಟು, ದಿಕ್ಕು ಮಸುಕು. ಹಾವು ಅಗಲ ಬಾಯಿಯನ್ನೇ ಆರಿಸಿಕೊಂಡಿದೆ. ಎಡದಿಂದ ಬಂದ ಝಳ ಪೊರೆಯ ಬಲಭಾಗಕ್ಕೆ ಬೀಳುತ್ತದೆ, ಮೇಲಿನದು ಕೆಳಕ್ಕೆ. ಹಾಗೆ ಪೊರೆಯ ಮೇಲೆ ಒಂದು ಮಸುಕು ಚಿತ್ರ ಮೂಡುತ್ತದೆ. ಅದನ್ನು ತಿದ್ದಿಕೊಳ್ಳುವ ಕೆಲಸ ಮಿದುಳಿನದು.

ಮಿದುಳಿನ ದಾರಿಯೇ ನನಗೆ ಅತಿ ಹೆಚ್ಚು ಇಷ್ಟವಾದ ಭಾಗ. ಟ್ರೈಜೆಮಿನಲ್ ನರ ಹಿಮ್ಮಿದುಳಿಗೆ ಹೋಗುತ್ತದೆ. ಅಲ್ಲಿ ಈ ಹಾವುಗಳಿಗೆ ಝಳದ ಸುದ್ದಿಗೆಂದೇ ಬೇರೆ ಠಾಣೆ ಇದೆ. ಗುಳಿ ಮಂಡಲದಲ್ಲಿ ಸುದ್ದಿ ಅಲ್ಲಿಂದ ಇನ್ನೊಂದು ಠಾಣೆಗೆ ಹೋಗಿ, ಆಮೇಲೆ ಮಿದುಳಿನ ಎದುರು ಮಗ್ಗುಲಿಗೆ ದಾಟುತ್ತದೆ. ಹೆಬ್ಬಾವಿಗೂ ತುಟಿಯ ಅಂಚಿನಲ್ಲಿ ಇಂಥ ಗುಳಿಗಳ ಸಾಲು ಇದೆ, ಆದರೆ ಅದರಲ್ಲಿ ನಡುವಿನ ಠಾಣೆ ಇಲ್ಲ, ನೇರ ದಾರಿ. ಕೊನೆಗೆ ಎರಡೂ ಸೇರುವುದು ಟೆಕ್ಟಮ್ ಅನ್ನುವ ಭಾಗಕ್ಕೆ. ಅದು ಕಣ್ಣಿನ ಮನೆ. ಕಣ್ಣು ಕಂಡದ್ದರ ನಕ್ಷೆ ಇರುವ ಜಾಗದಲ್ಲೇ ಝಳದ ನಕ್ಷೆಯೂ ಹಾಸಿಕೊಂಡಿದೆ. ಚರ್ಮದ ನರ ಹೋಗಿ ಕಣ್ಣಿನ ಮನೆಯಲ್ಲಿ ಬಿಡಾರ ಹೂಡಿದೆ! ಆದ್ದರಿಂದಲೇ ಹಾವು ಝಳವನ್ನು "ಮುಟ್ಟುತ್ತದೆ" ಅನ್ನುವುದಕ್ಕಿಂತ "ಕಾಣುತ್ತದೆ" ಅನ್ನುವುದೇ ಸರಿ ಅಂತ ನನಗೆ ಅನಿಸುವುದು.

1981ರಲ್ಲಿ ನ್ಯೂಮನ್ ಮತ್ತು ಹಾರ್ಟ್‌ಲೈನ್ ರ‍್ಯಾಟಲ್ ಹಾವಿನ ಈ ಭಾಗದಲ್ಲಿ ವಿಚಿತ್ರ ನರಕೋಶಗಳನ್ನು ತೋರಿಸಿದರು. ಕೆಲವು ಕಣ್ಣು ಮತ್ತು ಗುಳಿ ಎರಡೂ ಹೌದು ಅಂದರೆ ಮಾತ್ರ ಮಿಡಿಯುತ್ತವೆ. ಕೆಲವಕ್ಕೆ ಎರಡರಲ್ಲಿ ಒಂದು ಸಾಕು. ಇನ್ನು ಕೆಲವದರಲ್ಲಿ ಒಂದು ಸುದ್ದಿ ಇನ್ನೊಂದನ್ನು ಜೋರು ಮಾಡುತ್ತದೆ, ಇಲ್ಲವೇ ತಗ್ಗಿಸುತ್ತದೆ. ನನ್ನಂಥ ವೈರಿಂಗ್ ಮನುಷ್ಯನಿಗೆ ಇದು ಓದಿದ ಕೂಡಲೇ ಅರ್ಥವಾಯಿತು. ಸೀರೀಸ್‌ನಲ್ಲಿ ಎರಡು ಕಾಂಟ್ಯಾಕ್ಟ್ ಇದ್ದರೆ ಎರಡೂ ಕೂಡಿದಾಗಲೇ ಕರೆಂಟ್ ಹರಿಯುತ್ತದೆ, ಪ್ಯಾರಲಲ್‌ನಲ್ಲಿ ಒಂದು ಕೂಡಿದರೂ ಸಾಕು. ಬಿಸಿಯಾಗಿದ್ದು, ಕದಲುತ್ತಲೂ ಇರುವುದು ಯಾವುದು? ಇಲಿ. ಬಿಸಿಲಿಗೆ ಕಾದ ಕಲ್ಲು ಬಿಸಿ ಇರುತ್ತದೆ, ಕದಲುವುದಿಲ್ಲ. ಗಾಳಿಗೆ ಎಲೆ ಕದಲುತ್ತದೆ, ಬಿಸಿ ಇರುವುದಿಲ್ಲ.

ಪೊರೆಯ ನರ ಬಿಸಿಯನ್ನು ಹಿಡಿಯುವುದು ಹೇಗೆ ಅನ್ನುವುದು ಗೊತ್ತಾದದ್ದು 2010ರಲ್ಲಿ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ನರಕೋಶದ ಗೋಡೆಯಲ್ಲಿರುವ ಟಿಆರ್‌ಪಿಎ1 ಅನ್ನುವ ಪ್ರೋಟೀನ್ ಬಾಗಿಲನ್ನು ಗುರುತಿಸಿತು. ರ‍್ಯಾಟಲ್ ಹಾವಿನಲ್ಲಿ ಅದು ಸುಮಾರು 28 ಡಿಗ್ರಿ ದಾಟಿದರೆ ತೆರೆಯುತ್ತದೆ. ಮುಖದ ನರಗಂಟಿನಲ್ಲಿ ಇದು ಮೈಯ ನರಗಂಟುಗಳಿಗಿಂತ ಸುಮಾರು 400 ಪಟ್ಟು ಹೆಚ್ಚು. ನಮ್ಮಲ್ಲೂ ಇದೇ ಬಾಗಿಲು ಇದೆ. ಸಾಸಿವೆ ಅರೆದಾಗ ಮೂಗಿಗೇರುವ ಘಾಟು ಇದೆಯಲ್ಲ, ಅದು ಈ ಬಾಗಿಲಿನ ಕೆಲಸ. ಖಾರದ ಮೆಣಸಿನಕಾಯಿ ತಟ್ಟುವ ಬಾಗಿಲು ಬೇರೆ. ಅದನ್ನು ಕಂಡುಹಿಡಿದವರೂ ಜೂಲಿಯಸ್ ಅವರೇ, 2021ರ ನೊಬೆಲ್‌ನಲ್ಲಿ ಪಾಲು ಪಡೆದರು. ನಾವು ಮಾದರಿಯ ಪಕ್ಕದಲ್ಲಿ ಒಂದು ಬಟ್ಟಲು ಅರೆದ ಸಾಸಿವೆ ಇಟ್ಟಿದ್ದೆವು. ಮೂಸಿ ನೋಡಿದವರೆಲ್ಲ ಈ ಮಾತು ಮರೆಯಲಿಲ್ಲ.

ಪ್ರದರ್ಶನದಲ್ಲಿ ಎಲ್ಲರೂ ಕೇಳಿದ ಪ್ರಶ್ನೆ, "ನಮ್ಮ ಹೊಲದ ಹಾವಿಗೂ ಇದು ಇರ್ತದೇನ್ರಿ?" ಇಲ್ಲ. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಗುಳಿ ಇಲ್ಲ. ಕಬ್ಬಿನ ಗದ್ದೆಯಲ್ಲಿ ಕಾಲಿಗೆ ಬೂಟು, ಕೈಯಲ್ಲಿ ಬ್ಯಾಟರಿ ಬಿಡಬೇಡಿ ಅಂತ ಮಗಳು ಪ್ರತಿಯೊಬ್ಬರಿಗೂ ಹೇಳಿದಳು. ಹಾವು ಹಿಡಿಯಲು ಹೋಗಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ ಅಂತಲೂ ಹೇಳಿದಳು.

ಪ್ರದರ್ಶನದ ದಿನ ಬೆಳಿಗ್ಗೆ ಮಾದರಿ ಚೆನ್ನಾಗಿ ನಡೆಯಿತು. ಎಡಕ್ಕೆ ಕೈ ಹಿಡಿದರೆ ತಲೆ ಎಡಕ್ಕೆ, ಬಲಕ್ಕೆ ಹಿಡಿದರೆ ಬಲಕ್ಕೆ. ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಕಾವು ಏರಿದ ಮೇಲೆ ತಡವರಿಸತೊಡಗಿತು. ಹಿಂದಿನ ಗೋಡೆಯೂ ಕೈಯಷ್ಟೇ ಬಿಸಿಯಾಗಿತ್ತು. ಬೋರ್ಡ್ ನೋಡುವುದು ಎಷ್ಟು ಬಿಸಿ ಅನ್ನುವುದನ್ನಲ್ಲ, ಅಕ್ಕಪಕ್ಕದ್ದಕ್ಕಿಂತ ಎಷ್ಟು ಬೇರೆ ಅನ್ನುವುದನ್ನು. ಕಾರ್ಖಾನೆಯಲ್ಲೂ ನಾನು ಒಂದು ಫೇಸ್‌ನ ಜಾಯಿಂಟನ್ನು ಪಕ್ಕದ ಫೇಸ್‌ಗೆ ಹೋಲಿಸಿಯೇ ನೋಡುವುದು. ನಮ್ಮ ಹುಡುಗಿ ಓಡಿ ಹೋಗಿ ಗೋಡೆಗೆ ಒದ್ದೆ ಗೋಣಿಚೀಲ ತೂಗುಹಾಕಿದಳು. ಐದು ನಿಮಿಷದಲ್ಲಿ ಹಾವಿಗೆ ಮತ್ತೆ ಕೈ ಕಾಣಿಸಿತು.

ಈಗ ಉಳಿದಿರುವ ತೊಂದರೆ ಒಂದೇ. ತಲೆ ತಿರುಗಿಸುವ ಸಣ್ಣ ಮೋಟರ್ ಎಡ ಡಬ್ಬಿಯ ಪಕ್ಕದಲ್ಲೇ ಇದೆ. ಹತ್ತು ನಿಮಿಷ ಓಡಿದರೆ ಅದೇ ಕಾದು ಎಡಗಡೆ ಅರ್ಧ ಡಿಗ್ರಿ ಜಾಸ್ತಿ ತೋರಿಸುತ್ತದೆ. ಹಾವಿಗೆ ಈ ಕಾಟ ಇಲ್ಲ, ಅದರ ತಲೆಯೂ ಕೊಂಬೆಯಷ್ಟೇ ತಣ್ಣಗೆ. ಮೋಟರನ್ನು ಕುತ್ತಿಗೆಯ ಹಿಂದಕ್ಕೆ ಸರಿಸಿ, ಹಳೆಯ ಸೈಕಲ್ ಬ್ರೇಕ್ ಕೇಬಲ್‌ನಿಂದ ತಲೆ ಎಳೆಸೋಣ ಅಂತ ಮಗಳು ಕಾಗದದ ಮೇಲೆ ಚಿತ್ರ ಬರೆದಿದ್ದಾಳೆ. ಕೇಬಲ್ ತಂದಿಟ್ಟಿದ್ದೇನೆ.