ಅಪ್ಪನ ಕಾಗದಪತ್ರಗಳ ನಡುವೆ ಕೈಕೊಟ್ಟ ಕಾರು

ಅಪ್ಪ ತೀರಿಕೊಂಡು 20 ದಿನಗಳಾಗಿದ್ದವು. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಪಕ್ಕದ ಸೀಟಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರತೊಡಗಿತು. ಇನ್ನು 10 ನಿಮಿಷ ಓಡಿಸಿದರೆ ಬ್ಯಾಂಕು ಸಿಗುತ್ತಿತ್ತು. ಮನಸ್ಸು ಅದನ್ನೇ ಹೇಳುತ್ತಿತ್ತು. ಆದರೂ ರಸ್ತೆಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಆ 10 ನಿಮಿಷದಲ್ಲಿ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಅದರ ಕೆಳಗೆ ಸೋರದಂತೆ ಹಾಕಿರುವ ಹೆಡ್ ಗ್ಯಾಸ್ಕೆಟ್ ಹೋಗಿ, ಸಣ್ಣ ರಿಪೇರಿಯೊಂದು ಇಡೀ ಎಂಜಿನ್ ಬಿಚ್ಚುವ ಕೆಲಸವಾಗಿಬಿಡಬಹುದಿತ್ತು. ರೇಡಿಯೇಟರಿನ ಮುಚ್ಚಳವನ್ನೂ ಮುಟ್ಟಲಿಲ್ಲ. ಒಳಗಿನ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಒತ್ತಡದಲ್ಲಿರುತ್ತದೆ. ಬಿಸಿಯಿರುವಾಗ ತೆರೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಟಾರ್ಚ್ ಹಿಡಿದು, ಕೂಲಂಟನ್ನು ಎಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪಿನ ಅಡಿಯನ್ನು ತೋರಿಸಿದರು. ಅಲ್ಲೊಂದು ಸಣ್ಣ ರಂಧ್ರ. ಅದರಿಂದ ಕೆಳಕ್ಕೆ ಒಣಗಿದ ಗುಲಾಬಿ ಬಣ್ಣದ ಕಲೆ, ಉಪ್ಪುಗಟ್ಟಿದ ಹಾಗೆ. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲಂಟ್ ಒಸರುವುದು ಆ ರಂಧ್ರದಿಂದಲೇ. ತಿಂಗಳುಗಳಿಂದ ಒಸರುತ್ತಿದ್ದಿರಬೇಕು. ಅಪ್ಪನ ಆಸ್ಪತ್ರೆಯ ಓಡಾಟದಲ್ಲಿ ನಾನು ಒಮ್ಮೆಯೂ ಬಾನೆಟ್ ಎತ್ತಿರಲಿಲ್ಲ.

ನನ್ನ ಕಾರಿನಲ್ಲಿ ಪಂಪು ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ, ಅಂದರೆ ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಹೊಂದಿಸುವ ಪಟ್ಟಿಯಿಂದ. ಹಾಗಾಗಿ ಬೆಲ್ಟನ್ನೂ ಈಗಲೇ ಬದಲಿಸಿ ಎಂದರು. ನಿಜವಾದ ಮಾತು: ಎರಡಕ್ಕೂ ಬಿಚ್ಚಬೇಕಾದ ಭಾಗಗಳು ಹೆಚ್ಚುಕಡಿಮೆ ಅವೇ, ಕೂಲಿಯನ್ನು ಎರಡು ಸಲ ಕೊಡುವುದು ತಪ್ಪುತ್ತದೆ. ಅದಕ್ಕೆ ಒಪ್ಪಿದೆ. ಅವರು ಬರೆದುಕೊಟ್ಟ ಕೆಲಸಗಳ ಪಟ್ಟಿಯಲ್ಲಿ ಇನ್ನೂ ಐದಾರು ಇದ್ದವು. ದುಃಖದಲ್ಲಿರುವವರ ಬಾಯಿಗೆ ‘ಆಗಲಿ, ಮಾಡಿ’ ಎಂಬ ಮಾತು ಬೇಗ ಬರುತ್ತದೆ. ಬೇಡವೆಂದು ವಾದಿಸುವ ತ್ರಾಣವಿರುವುದಿಲ್ಲ. ಆದ್ದರಿಂದ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಯಾವುದನ್ನು ಬಿಟ್ಟರೆ ಕಾರು ಓಡಿಸುವುದು ಅಪಾಯ, ಯಾವುದು ಮೂರು ತಿಂಗಳು ಕಾಯುತ್ತದೆ? ಉತ್ತರವನ್ನು ಬರೆಸಿಕೊಂಡೆ. ಪಟ್ಟಿ ಅರ್ಧವಾಯಿತು. ತೆಗೆದ ಹಳೆಯ ಪಂಪನ್ನು ನೋಡಿದ ಮೇಲೆಯೇ ಹಣ ಕೊಟ್ಟೆ.

ಅಪ್ಪನ ಕಾರು ಅವರ ಮನೆಯಲ್ಲಿ ಸುಮ್ಮನೆ ನಿಂತಿತ್ತು. ನನ್ನದು ಗ್ಯಾರೇಜಿನಲ್ಲಿರುವಷ್ಟು ದಿನ ಅದನ್ನು ಓಡಿಸಿದರಾಯಿತು ಎಂದುಕೊಂಡೆ. ಅಕ್ಕ ತಡೆದಳು. “ವಿಮೆ ಅಪ್ಪನ ಹೆಸರಿನಲ್ಲಿದೆಯಲ್ಲ, ಮೊದಲು ಕೇಳು” ಎಂದಳು. ಕೇಳಿದ್ದು ಒಳ್ಳೆಯದಾಯಿತು. ಮಾಲೀಕರು ತೀರಿಕೊಂಡ ವಿಷಯವನ್ನು ವಿಮೆಯವರಿಗೆ ತಿಳಿಸಿ, ಯಾರು ಓಡಿಸಬಹುದೆಂದು ಲಿಖಿತವಾಗಿ ಪಡೆಯುವ ಮೊದಲು ಅಪಘಾತವಾಗಿದ್ದರೆ ಪರಿಹಾರದ ಮಾತೇ ಕಗ್ಗಂಟಾಗುತ್ತಿತ್ತು. ಅದುವರೆಗೆ ಬಸ್ಸಿನಲ್ಲಿ ಓಡಾಡಿದೆ. ಒಂದು ದಿನಕ್ಕೆ ಒಂದೇ ಕಚೇರಿ ಎಂದಿಟ್ಟುಕೊಂಡೆ. ಕಾರಿದ್ದಾಗ ಮೂರು ಸುತ್ತಿ, ಮೂರರಲ್ಲೂ ಒಂದೊಂದು ಕಾಗದ ಮರೆತು ಬರುತ್ತಿದ್ದೆ.

ಹಣದ ವಿಷಯ ಒತ್ತಿ ಹೇಳಬೇಕು. ನನ್ನ ಕಾರಿನ ಖರ್ಚು ನನ್ನದು. ಅಪ್ಪನ ಕಾರಿನ ಖರ್ಚು ಅವರ ಆಸ್ತಿಯ ಲೆಕ್ಕಕ್ಕೆ ಸೇರಿದ್ದು. ಎರಡೂ ಒಂದೇ ವಾರದಲ್ಲಿ ಬಂದಾಗ ಬೆರೆಸಿಬಿಡುವುದು ಬಹಳ ಸುಲಭ. ಒಂದು ಪುಸ್ತಕ ಇಟ್ಟೆ, ರಸೀದಿಗಳನ್ನು ಅಂಟಿಸಿದೆ, ಪ್ರತಿ ಖರ್ಚಿಗೆ ಮುಂಚೆ ಅಕ್ಕನಿಗೆ ಹೇಳಿದೆ. ಅಕ್ಕ ಲೆಕ್ಕ ಕೇಳುವವಳಲ್ಲ. ಅವಳು ಕೇಳದಿದ್ದರೂ ತೋರಿಸುವುದು ನನ್ನ ಕರ್ತವ್ಯ.

ಅಪ್ಪನ ಕಾರಿನ ಬ್ಯಾಟರಿ 11.8 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ಇರಬೇಕು. ಚಾರ್ಜ್ ಮಾಡಿಸಿದರೂ ನಿಲ್ಲಲಿಲ್ಲ, ಬದಲಿಸಿದೆವು. ಟೈರಿನ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಟೈರುಗಳು ಇನ್ನೂ ಹೊಸವು, ಹಾಗೇ ಬಿಟ್ಟೆವು. ಬಾಗಿಲಿನ ಗೀಚು ಸರಿಪಡಿಸುವ ಮಾತು ಬಂತು. ಮಾರುವಾಗ ಆ ಹಣ ಮರಳುವುದಿಲ್ಲವೆಂದು ಕೈಬಿಟ್ಟೆವು. ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನೂ ಆಗ ತೀರ್ಮಾನಿಸಲಿಲ್ಲ.

ವಿಮೆಯವರ ಪತ್ರ ಬಂದ ದಿನ ಅಪ್ಪನ ಕಾರಿನಲ್ಲಿ ಕುಳಿತೆ. ಅಪ್ಪ ನನಗಿಂತ ಎತ್ತರ. ಪೆಡಲಿಗೆ ಕಾಲು ಎಟುಕಲಿಲ್ಲ. ಸೀಟಿನ ಕೆಳಗಿನ ಹಿಡಿಕೆ ಎತ್ತಿ ಮುಂದಕ್ಕೆ ಎಳೆದುಕೊಂಡೆ. ಮೂರು ಸಲ ಟಕ್ ಎಂದಿತು. ಕನ್ನಡಿಯನ್ನೂ ತಿರುಗಿಸಿಕೊಂಡು ಅಕ್ಕನ ಮನೆಗೆ ಹೊರಟೆ.