ಘಟ್ಟದ ಮೇಲಿಂದ ಕುಮಟೆಗೆ: ಹ್ಯಾಮ್ ರೇಡಿಯೋದಲ್ಲಿ ನನ್ನ ಅನುಭವ

2021ರ ಜುಲೈ ಮಳೆಗೆ ಅರಬೈಲ್ ಘಟ್ಟ ಕುಸಿದು, ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ, ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದಾಗ, ಶಿರಸಿ ಸಮೀಪದ ನಮ್ಮ ಊರಿಗೆ ಆದ ಹಾನಿ ಕಡಿಮೆಯೇ ಆಗಿತ್ತು. ಆದರೆ ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾದ ಮೇಲೆ, ಕುಮಟೆಯಲ್ಲಿರುವ ತಂಗಿಯ ಮನೆಗೆ ನೀರು ನುಗ್ಗಿದೆಯೇ ಇಲ್ಲವೇ ಎಂಬ ಒಂದೇ ಮಾತನ್ನು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಕಾಲೇಜಿನ ದಿನಗಳಲ್ಲಿ ಕೇಳಿ ಮರೆತಿದ್ದ ಹವ್ಯಾಸಿ ರೇಡಿಯೋ, ಅಂದರೆ ಪರವಾನಗಿ ಪಡೆದವರು ಮೊಬೈಲ್ ಟವರಿನ ಹಂಗಿಲ್ಲದೆ ತಮ್ಮ ತಮ್ಮ ಸೆಟ್ಟುಗಳಿಂದ ನೇರವಾಗಿ ಮಾತಾಡಿಕೊಳ್ಳುವ ಹ್ಯಾಮ್, ನೆನಪಾದದ್ದು ಆಗ.

ಪರವಾನಗಿಗೆ ಬರೆಯಬೇಕಾದ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೇಡಿಯೋ ತರಂಗಗಳ ಬಳಕೆಯನ್ನು ನೋಡಿಕೊಳ್ಳುವ, ಕೇಂದ್ರ ಸಂವಹನ ಸಚಿವಾಲಯದ ಡಬ್ಲ್ಯೂಪಿಸಿ ವಿಭಾಗದ ಈ ಪರೀಕ್ಷೆಯಲ್ಲಿ ನಾನು ಬರೆದಾಗ ರೇಡಿಯೋ ಸಿದ್ಧಾಂತ ಮತ್ತು ನಿಯಮಾವಳಿ ಎಂಬ ಎರಡು ಭಾಗಗಳಿದ್ದವು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಅಕ್ಷರಗಳನ್ನು ಚುಕ್ಕೆ-ಗೆರೆಯ ಸದ್ದಾಗಿ ಕಳಿಸುವ ಸಂಕೇತ) ಬೇಕಿರಲಿಲ್ಲ, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದಗಳ ವೇಗದ ಮೋರ್ಸ್ ಬರಬೇಕಿತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೋರ್ಸ್ ಕಲಿತೆ. ಪರವಾನಗಿ ಕೈಸೇರಲು ಕಲಿಕೆಗಿಂತ ಹೆಚ್ಚು ಸಮಯ ಹಿಡಿಯಿತು.

ಮೊದಲು ಕೊಂಡದ್ದು 144ರಿಂದ 146 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ (ಬ್ಯಾಂಡ್) ಕೆಲಸಮಾಡುವ 5 ವ್ಯಾಟಿನ ಕೈಸೆಟ್ಟು. ಅದರಿಂದ ಕುಮಟೆಯ ಹ್ಯಾಮ್ ಗೆಳೆಯರನ್ನು ಮುಟ್ಟಬಹುದೆಂದು ನಂಬಿದ್ದು ನನ್ನ ಮೊದಲ ತಪ್ಪು. ಈ ಅಲೆಗಳು ಹೆಚ್ಚುಕಡಿಮೆ ಕಣ್ಣೋಟದಂತೆ ನೇರವಾಗಿ ಸಾಗುತ್ತವೆ. ನಮ್ಮ ಅಂಗಳಕ್ಕೂ ಕುಮಟೆಗೂ ನಡುವೆ ದೇವಿಮನೆ ಘಟ್ಟದ ಸಾಲುಗುಡ್ಡಗಳಿವೆ. ಅದೇ ಸೆಟ್ಟನ್ನು ಒಂದು ಭಾನುವಾರ ಘಟ್ಟದ ನೆತ್ತಿಗೆ ಒಯ್ದು ಮಾತಿನ ಗುಂಡಿ ಒತ್ತಿದರೆ, ಕೆಳಗಿನ ಗೆಳೆಯರ ಧ್ವನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. ಆದರೆ ಆಷಾಢದ ಮಳೆಯಲ್ಲಿ, ಗುಡ್ಡ ಜರಿಯುವ ಹೊತ್ತಿನಲ್ಲೇ ನೆತ್ತಿಗೆ ಹೋಗಿ ಕುಳಿತುಕೊಳ್ಳಿ ಎಂದು ಯಾರಿಗೆ ಹೇಳುವುದು?

ಹಾಗಾಗಿ ನಾನೂ ಗೆಳೆಯರೂ 7 ಮೆಗಾಹರ್ಟ್ಸಿಗೆ ಇಳಿದೆವು. ಈ ಪಟ್ಟಿಯಲ್ಲಿ ಆಂಟೆನಾದ ತಂತಿಯನ್ನು ತೀರ ಎತ್ತರಕ್ಕೆ ಕಟ್ಟದಿದ್ದರೆ ಅಲೆಯ ಬಹುಪಾಲು ನೇರವಾಗಿ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ (ರೇಡಿಯೋ ಅಲೆಯನ್ನು ಹಿಂದಕ್ಕೆ ಕಳಿಸುವ, ವಾತಾವರಣದ ಮೇಲಿನ ಪದರಕ್ಕೆ) ತಾಗಿ, ಕೊಡೆಯ ಹಾಗೆ ಸುತ್ತಲಿನ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ನಡುವಿನ ಗುಡ್ಡ ಲೆಕ್ಕಕ್ಕೆ ಬರುವುದಿಲ್ಲ. ಬೇಕಾದದ್ದು ಒಟ್ಟು ಸುಮಾರು 20 ಮೀಟರ್ ತಾಮ್ರದ ತಂತಿ, ನಡುವಿನಿಂದ ಮನೆಯೊಳಕ್ಕೆ ಟಿವಿ ಕೇಬಲ್ಲಿನಂಥ ಒಂದು ಕೋಆಕ್ಸಿಯಲ್ ಕೇಬಲ್, ಎರಡು ಕಂಬ. ಕಂಬಕ್ಕೇನು ಬರ, ತೋಟ ತುಂಬ ಅಡಿಕೆ ಮರ. ಮರ ಹತ್ತಿ ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ "ಟಿವಿಗೆ ಇಷ್ಟುದ್ದ ತಂತಿ ಯಾಕೆ ಒಡೆಯಾ?" ಎನ್ನುತ್ತಲೇ ಹತ್ತಿ ಕಟ್ಟಿಕೊಟ್ಟ. ಮೊದಲ ಗಾಳಿಮಳೆಗೇ ತಂತಿ ತುಂಡಾಯಿತು. ಅಡಿಕೆ ಮರ ಗಾಳಿಗೆ ಎಷ್ಟು ಬಾಗುತ್ತದೆಂಬುದು ತೋಟದವನಾದ ನನಗೇ ಹೊಳೆಯದೆ ಹೋದದ್ದು ಈಗಲೂ ನಾಚಿಕೆಯ ವಿಷಯ. ಎರಡನೆಯ ಸಲ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಮರಳು ತುಂಬಿದ ಕ್ಯಾನನ್ನು ತೂಗುಬಿಟ್ಟೆ. ಮರ ಬಾಗಿದಾಗ ಕ್ಯಾನು ಮೇಲೇರುತ್ತದೆ, ತಂತಿ ಉಳಿಯುತ್ತದೆ. (ಔಷಧಿ ಹೊಡೆಯುವ ಕಾರ್ಬನ್ ಫೈಬರಿನ ದೋಟಿಯನ್ನೇ ಕಂಬ ಮಾಡಬಹುದಲ್ಲ ಎಂದು ಕೇಳಿದವರಿದ್ದಾರೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಆಂಟೆನಾದ ಬಳಿಗೂ ಅದನ್ನು ತರಬಾರದು.) ಕೇಬಲ್ಲಿನ ಕೂಡುಜಾಗದಲ್ಲಿ ನೀರು ಇಳಿಯದಂತೆ ರಬ್ಬರ್ ಟೇಪು ಸುತ್ತುವುದನ್ನು, ಮನೆಯೊಳಗೆ ಬರುವ ಮೊದಲು ಕೇಬಲ್ಲನ್ನು ಕೆಳಕ್ಕೆ ಬಳಸಿ ಹನಿ ಅಲ್ಲೇ ಉದುರುವಂತೆ ಮಾಡುವುದನ್ನು ಒಂದು ಮಳೆಗಾಲ ಕೆಟ್ಟ ಮೇಲೆ ಕಲಿತೆ. ಗುಡುಗು ಬಂದರೆ ಕೇಬಲ್ ಕಿತ್ತು ಹೊರಗೆಸೆಯುವುದೇ ನನ್ನ ನಿಯಮ.

ಸಂಜೆಯಾದ ಮೇಲೆ ಇದೇ ಪಟ್ಟಿ ಕೈಕೊಡುತ್ತದೆ: ದೂರದ ದೇಶಗಳು ಕೇಳಿಸುತ್ತವೆ, ಕುಮಟೆ ಮಾಯವಾಗುತ್ತದೆ. ರಾತ್ರಿಗೆ 3.5 ಮೆಗಾಹರ್ಟ್ಸ್ ಬೇಕು, ಅದಕ್ಕೆ ಎರಡರಷ್ಟು ಉದ್ದದ ತಂತಿ. ಅದಿನ್ನೂ ನಮ್ಮಲ್ಲಿ ಅರ್ಧ ಜನರ ಬಳಿ ಇಲ್ಲ. ವಿದ್ಯುತ್ತಿನ ಚಿಂತೆ ಮಾತ್ರ ಕಡಿಮೆ; ಮನೆಯ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಯಿಂದಲೇ ಸೆಟ್ಟು ನಡೆಯುತ್ತದೆ. 100 ವ್ಯಾಟಿನಲ್ಲಿ ಮಾತಾಡುವಾಗ ಅದು 20 ಆಂಪಿಯರ್‌ನಷ್ಟು ಎಳೆಯುವುದರಿಂದ ನಾವು 20 ವ್ಯಾಟಿಗೆ ಇಳಿಸಿ ಮಾತಾಡುತ್ತೇವೆ, ಉಳಿದ ಹೊತ್ತು ಬರಿದೆ ಕೇಳುತ್ತೇವೆ.

ತಂತಿ ಸರಿಹೋಗಲು ಒಂದು ಮಳೆಗಾಲ ಸಾಕಾಯಿತು. ಮಾತು ಸರಿಹೋಗಲು ಎರಡು ಬೇಕಾದವು. ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರು ನೆಟ್ (ಎಲ್ಲರೂ ರೇಡಿಯೋದಲ್ಲಿ ಒಟ್ಟಾಗಿ ಸೇರುವ ಕೂಟ) ನಡೆಸುತ್ತಾರೆ, ಅವರು ಕರೆದವರಷ್ಟೇ ಮಾತಾಡಬೇಕು. ಸಾಮಾನ್ಯ ದಿನಗಳಲ್ಲಿ ಮೂರನೆಯವರ ಸಂದೇಶ ಸಾಗಿಸುವಂತಿಲ್ಲ, ವಿಪತ್ತಿನಲ್ಲಿ ಅಧಿಕಾರಿಗಳ ಕೋರಿಕೆಯ ಮೇಲೆ ಸಾಗಿಸಬಹುದು. ಆದ್ದರಿಂದ ನಾವೇ ಕಲ್ಪಿಸಿಕೊಂಡ ಸಂದೇಶಗಳಲ್ಲಿ ಅಭ್ಯಾಸ ನಡೆಯುತ್ತದೆ. ಮೊದಲ ಅಭ್ಯಾಸದಲ್ಲೇ "ಇಪ್ಪತ್ತು ಜನ" ಎಂದು ನಾನು ಹೇಳಿದ್ದು ಅಂಕೋಲೆಯಲ್ಲಿ "ಎಪ್ಪತ್ತು ಜನ" ಎಂದು ದಾಖಲಾಯಿತು. ಅಂದಿನಿಂದ "ಎರಡು, ಸೊನ್ನೆ" ಎಂದು ಬಿಡಿಬಿಡಿಯಾಗಿಯೇ ಹೇಳುತ್ತೇವೆ. ಊರಿನ ಹೆಸರಿನ ಮುಂಚೆ ತಾಲ್ಲೂಕು ಬರಲೇಬೇಕು: ಅಂಕೋಲೆಯಲ್ಲೊಂದು ಶಿರೂರು, ಭಟ್ಕಳ ದಾಟಿದರೆ ಬೈಂದೂರು ತಾಲ್ಲೂಕಿನಲ್ಲಿ ಇನ್ನೊಂದು. ಪ್ರತಿ ಹ್ಯಾಮ್‌ನ ಗುರುತಾದ ಕರೆಸಂಕೇತದ ಇಂಗ್ಲಿಷ್ ಅಕ್ಷರಗಳಿಗೆ ಎ ಎಂದರೆ ಆಲ್ಫಾ, ಬಿ ಎಂದರೆ ಬ್ರಾವೋ ಸರಿ. ಆದರೆ ಸಂದೇಶ ಕನ್ನಡದಲ್ಲೇ ಇರಲಿ ಎಂದು ನಾನು ಹಟ ಹಿಡಿದೆ, ಏಕೆಂದರೆ ಅದನ್ನು ಕೊನೆಗೆ ಓದಿಕೊಳ್ಳುವವರು ಪಂಚಾಯಿತಿಯವರು, ದೋಣಿಯವರು. ಬರೆದು ಓದುವುದು, ಕೇಳಿದವರು ಬರೆದುಕೊಂಡು ತಿರುಗಿ ಓದುವುದು, ಸರಿ ಎಂದ ಮೇಲೆ ವೇಳೆ ನಮೂದಿಸುವುದು: ಇಷ್ಟಕ್ಕೆ ಮೂರು ನಿಮಿಷ ಬೇಕು. ಹೊಸಬರಿಗೆ ಬೇಸರ ಬರುವುದು ಇಲ್ಲಿಯೇ.

ಈಗ ನಮ್ಮ ನೆಟ್‌ನಲ್ಲಿ ಯಾರೂ ಇಲ್ಲದ ಕಡೆಯೆಂದರೆ ಗುಳ್ಳಾಪುರದ ಸುತ್ತಮುತ್ತ. ಅಲ್ಲಿನ ಒಬ್ಬ ವಿದ್ಯಾರ್ಥಿ ಪರೀಕ್ಷೆ ಬರೆದು ಪರವಾನಗಿಗೆ ಕಾಯುತ್ತಿದ್ದಾನೆ. ಅವನ ಮನೆಯ ಹಲಸಿನ ಮರಕ್ಕೆಂದು ಅಳೆದು ಕತ್ತರಿಸಿದ ತಂತಿ ಸುರುಳಿಯಾಗಿ ನಮ್ಮ ಜಗಲಿಯ ಮೊಳೆಗೆ ನೇತಾಡುತ್ತಿದೆ.