ಪಿಂಗ್ ಬರುತ್ತದೆ, ಪುಟ ಬರುವುದಿಲ್ಲ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕುಲುಮೆಗಳ ತಾಪಮಾನವನ್ನು ಫೋನು, ಟ್ಯಾಬ್ಲೆಟ್‌ಗಳಲ್ಲಿ ತೋರಿಸಲು ಇಎಸ್‌ಪಿ32 ಎಂಬ ವೈಫೈ ಇರುವ ಕಿರುಗಣಕ ಬೋರ್ಡಿನೊಳಗೇ ಕಿರು ವೆಬ್ ಸರ್ವರ್ ಇರಿಸಿದ್ದೆ. ಒಬ್ಬರು ನೋಡುವಾಗ ಸರಿಯಿದ್ದ ಪುಟ, ಶಿಫ್ಟ್ ಬದಲಾಗುವ ಹೊತ್ತಿಗೆ ಹಲವರು ತೆರೆದೊಡನೆ ನಿಂತುಬಿಡುತ್ತಿತ್ತು. ವಿಜಯಪುರದ ಕಡೆಯ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದ್ದು ಇಷ್ಟು: “ಸರ್, ವೈಫೈ ಫುಲ್ ಐತ್ರಿ, ಪೇಜ್ ಅಷ್ಟ ಸುಮ್ನ ತಿರಗಾಕತ್ತೈತಿ.”

ಬೋರ್ಡು ಪಿಂಗ್‌ಗೆ, ಅಂದರೆ ‘ಇದ್ದೀಯಾ’ ಎಂದು ಕೇಳುವ ಕಿರು ಸಂದೇಶಕ್ಕೆ, ಚುರುಕಾಗಿ ಉತ್ತರಿಸುತ್ತಿತ್ತು. ಆದರೆ ಆ ಉತ್ತರಕ್ಕೆ ಸಾಕೆಟ್ (ಒಂದೊಂದು ಸಂಪರ್ಕಕ್ಕೂ ಮೀಸಲಾಗುವ ಜಾಗ) ಬೇಕಿಲ್ಲವಾದ್ದರಿಂದ, ಅದರಿಂದ ಜಾಲ ಸರಿಯಿದೆ ಎಂದು ತಿಳಿಯುತ್ತದೆಯೇ ಹೊರತು ಸರ್ವರ್ ಸರಿಯಿದೆ ಎಂದಲ್ಲ. ಲ್ಯಾಪ್‌ಟಾಪಿನಲ್ಲಿ ಜಾಲದಲ್ಲಿ ಓಡಾಡುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಿದಾಗ ಎರಡು ಬಗೆಯ ಲಕ್ಷಣಗಳು ಕಂಡವು. ಕೆಲವೊಮ್ಮೆ ಸಂಪರ್ಕ ಕೂಡಿಸುವ ಸಿನ್, ಸಿನ್-ಆಕ್, ಆಕ್ ಸಂದೇಶಗಳು ಮೂರೂ ಮುಗಿದು, ಪುಟ ಕೇಳುವ ಗೆಟ್ ಕೋರಿಕೆಯೂ ತಲುಪಿ, ಆಮೇಲೆ ಯಾವ ಉತ್ತರವೂ ಬರುತ್ತಿರಲಿಲ್ಲ. ಇನ್ನು ಕೆಲವೊಮ್ಮೆ ಸಂಪರ್ಕ ಕೂಡಿದ ಕೂಡಲೇ ಕಡಿಯುತ್ತಿತ್ತು, ಆಗ ಸೀರಿಯಲ್ ಲಾಗಿನಲ್ಲಿ ಆಕ್ಸೆಪ್ಟ್ (ಹೊಸ ಸಂಪರ್ಕವನ್ನು ಒಳಗೆ ಕರೆಯುವ ಹೆಜ್ಜೆ) ವಿಫಲವಾಯಿತೆಂಬ ಸಾಲಿನೊಂದಿಗೆ 23 ಎಂಬ ದೋಷಸಂಖ್ಯೆ ಮೂಡುತ್ತಿತ್ತು.

ಎರಡಕ್ಕೂ ಮೂಲ ಒಂದೇ ಲೆಕ್ಕ. ಈ ಬೋರ್ಡಿಗೆ ಪ್ರೋಗ್ರಾಂ ಬರೆಯುವ ಸಲಕರಣೆಯಾದ ಇಎಸ್‌ಪಿ-ಐಡಿಎಫ್‌ನ ಮೂಲ ಸಂಯೋಜನೆಯಲ್ಲಿ, ಜಾಲದ ಕೆಲಸ ನೋಡುವ ಎಲ್‌ಡಬ್ಲ್ಯುಐಪಿ ಸ್ಟ್ಯಾಕಿಗೆ ಒಟ್ಟು 10 ಸಾಕೆಟ್‌ಗಳು. ಅವುಗಳಲ್ಲಿ 3 ಎಚ್‌ಟಿಟಿಪಿ ಸರ್ವರಿನ ಒಳಬಳಕೆಗೆ, 7 ಗ್ರಾಹಕರಿಗೆ (ಪುಟ ತೆರೆಯುವವರ ಸಂಪರ್ಕಗಳಿಗೆ). ಏಳೂ ತುಂಬಿದರೆ ಸರ್ವರ್ ಹೊಸಬರನ್ನು ಒಳಗೆ ಕರೆಯದೆ ಲಿಸನ್ ಸರದಿಯಲ್ಲೇ ನಿಲ್ಲಿಸುತ್ತದೆ. ಮೊದಲ ಲಕ್ಷಣ ಇದರದು. ನನ್ನ ಪ್ರೋಗ್ರಾಂ ಎಂಕ್ಯೂಟಿಟಿಗೆ (ಉಪಕರಣಗಳು ಕಿರು ಸಂದೇಶ ಕಳಿಸುವ ವಿಧಾನ) ಒಂದು ಸಾಕೆಟ್ ತೆಗೆದುಕೊಂಡಾಗ ಗ್ರಾಹಕರಿಗೆ ಆರೇ ಉಳಿಯುತ್ತಿದ್ದವು, ಆದರೆ ಏಳು ಇವೆಯೆಂದೇ ನಂಬಿದ ಸರ್ವರ್ ಏಳನೆಯವನನ್ನು ಕರೆದು ಎಡವುತ್ತಿತ್ತು. 23 ಬರುತ್ತಿದ್ದುದು ಆಗ. ಕ್ರೋಮ್ ಒಂದು ಸರ್ವರಿಗೆ ಎಚ್‌ಟಿಟಿಪಿ 1.1ರಲ್ಲಿ ಏಕಕಾಲಕ್ಕೆ 6 ಸಂಪರ್ಕಗಳವರೆಗೆ ತೆರೆಯಬಲ್ಲದು ಎಂಬುದನ್ನು ಸೇರಿಸಿಕೊಂಡರೆ, ಎರಡು ಫೋನುಗಳೇ ಸಾಕು.

ಒಟ್ಟು ಸಾಕೆಟ್‌ಗಳನ್ನು 16ಕ್ಕೆ ಏರಿಸಿ, ಗ್ರಾಹಕರ ಮಿತಿಯನ್ನು ಎಂಕ್ಯೂಟಿಟಿಯ ಪಾಲು ಬಿಟ್ಟು ನಿಗದಿಪಡಿಸಿದೆ. ಸಂಖ್ಯೆ ಹೆಚ್ಚಿಸುವುದು ಸುಲಭವೆನಿಸಿದರೂ ಪ್ರತಿ ಸಂಪರ್ಕವೂ ರ‍್ಯಾಮ್ ತಿನ್ನುವುದರಿಂದ, ಅದಕ್ಕಿಂತ ಬೇಡಿಕೆ ತಗ್ಗಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಬ್ರೌಸರ್ ಹಲವು ಸಂಪರ್ಕ ತೆರೆಯದಂತೆ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಚಿತ್ರ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಕಡತಕ್ಕೆ ಸೇರಿಸಿ ಜಿಜಿಪ್‌ನಿಂದ ಕುಗ್ಗಿಸಿಟ್ಟೆ.

ಹೆಚ್ಚು ಕಾಡಿದ್ದು ಸತ್ತ ಸಂಪರ್ಕಗಳು. ಟ್ಯಾಬ್ಲೆಟ್ ಹಿಡಿದು ವೈಫೈ ವ್ಯಾಪ್ತಿಯಿಂದ ಹೊರನಡೆದವರ ಕಡೆಯಿಂದ ಸಂಪರ್ಕ ಮುಗಿಯಿತೆನ್ನುವ ಫಿನ್ ಸಂದೇಶ ಬರುವುದಿಲ್ಲ, ಹೀಗಾಗಿ ಆ ಸಾಕೆಟ್ ಸುಮ್ಮನೆ ಜಾಗ ಹಿಡಿದಿರುತ್ತದೆ. ಇದಕ್ಕಾಗಿ, ಆಚೆಯವರು ಇನ್ನೂ ಇದ್ದಾರೆಯೇ ಎಂದು ಆಗಾಗ ಕೇಳಿನೋಡುವ ಟಿಸಿಪಿ ಕೀಪ್‌ಅಲೈವ್ ಚಾಲೂ ಮಾಡಿದೆ. ಬಹಳ ಹೊತ್ತಿನಿಂದ ಬಳಕೆಯಾಗದ ಸಂಪರ್ಕವನ್ನು ಮುಚ್ಚಿ ಹೊಸಬರಿಗೆ ಜಾಗ ಕೊಡುವ ಎಲ್‌ಆರ್‌ಯು ಪರ್ಜ್ ಸೌಲಭ್ಯವೂ ಮೂಲತಃ ಬಂದ್ ಇರುತ್ತದೆ. ಅದನ್ನೂ ಚಾಲೂ ಮಾಡಿದೆ. ವೆಬ್‌ಸಾಕೆಟ್ (ತೆರೆದೇ ಇಟ್ಟುಕೊಳ್ಳುವ ಸಂಪರ್ಕ) ಇರುವಲ್ಲಿ ಮಾತ್ರ ಇದನ್ನು ಯೋಚಿಸಿ ಬಳಸಬೇಕು, ಏಕೆಂದರೆ ಮಾತಿಲ್ಲದೆ ಕಾಯುತ್ತಿರುವ ಜೀವಂತ ಸಂಪರ್ಕವೂ ಅದರ ಕಣ್ಣಿಗೆ ಹಳೆಯದೇ. ನಮ್ಮ ಪುಟ ಐದು ಸೆಕೆಂಡಿಗೊಮ್ಮೆ ತಾನೇ ಕೇಳುತ್ತಿದ್ದುದರಿಂದ ಆ ತೊಡಕು ಬರಲಿಲ್ಲ.